ಹೆಡ್ ಇಳಿಸದೇ ನನ್ನ ಝೆನ್ ತಣ್ಣಗಾಯಿತು

ನನ್ನ ಹಳೇ ಮಾರುತಿ ಝೆನ್ ಕಾರು ಜಾಮ್‌ನಲ್ಲಿ ನಿಂತರೆ ಸಾಕು, ಎಂಜಿನ್ ಬಿಸಿ ಆಗುತ್ತಿತ್ತು. ಹುಬ್ಬಳ್ಳಿಯ ಮೂರು ಗ್ಯಾರೇಜಿನವರು, ಅಣ್ಣಿಗೇರಿಯ ಒಬ್ಬ ಮಿಸ್ತ್ರಿ, ಜೊತೆಗೆ ನಮ್ಮ ಭಾವ. ಎಲ್ಲರದೂ ಒಂದೇ ಮಾತು: "ಹೆಡ್ ಗ್ಯಾಸ್ಕೆಟ್ ಹೋಗೇತ್ರಿ. ಹೆಡ್ ಇಳಸಬೇಕು, ಬ್ಯಾರೆ ದಾರಿ ಇಲ್ಲ."

ಹೆಡ್ ಅಂದರೆ ಎಂಜಿನ್ನಿನ ಮೇಲಿನ ಭಾಗ; ಅದಕ್ಕೂ ಕೆಳಗಿನ ಬ್ಲಾಕಿಗೂ ನಡುವೆ ಸೋರದಂತೆ ಕೂರುವ ಪಟ್ಟಿಯೇ ಗ್ಯಾಸ್ಕೆಟ್. ನಾನು ಇಳಿಸಲಿಲ್ಲ. ಅದಾಗಿ ಎರಡು ಬೇಸಿಗೆ ಕಳೆದವು. ಈ ಮೇ ತಿಂಗಳಲ್ಲಿ ಎಸಿ ಹಾಕಿಕೊಂಡು, ನಾಲ್ಕು ಜನ ಕೂತು, ಅಂಕೋಲೆಯಿಂದ ಅರಬೈಲ್ ಘಾಟ್ ಹತ್ತಿಸಿದೆ. ಟೆಂಪರೇಚರ್ ಸೂಜಿ ಅರ್ಧದ ಗೀಟು ದಾಟಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಾರ್ ಮೆಕ್ಯಾನಿಕ್ ಅಲ್ಲ. ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವವನು. ಗೋಕುಲ ರೋಡಿನ ಕಡೆ ಸಣ್ಣ ಅಂಗಡಿ. ಹಳೇ ಗಾಡಿ ಅಂದರೆ ಸ್ವಲ್ಪ ಹುಚ್ಚು, ಅಷ್ಟೇ. ಇದಕ್ಕೂ ಮೊದಲು ಒಂದು 800, ಒಂದು ಓಮ್ನಿ ರಿಪೇರಿ ಮಾಡಿ ಮಾರಿದ್ದೇನೆ. ಎರಡರಲ್ಲೂ ಲಾಭ ಆಗಲಿಲ್ಲ, ಆದರೆ ಕೈ ಕೂತಿತು.

ಈ ಝೆನ್ 2002ರದು. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್) ಪೆಟ್ರೋಲ್, ಕೆಎ 26 ನಂಬರು. ಗದಗ ಕಡೆಯ ಒಬ್ಬ ರೈತರಿಂದ 48 ಸಾವಿರಕ್ಕೆ ತಗೊಂಡೆ. 40ಕ್ಕೆ ಕೇಳಿದ್ದೆ. ಆದರೆ ಅವರು 2022ರಲ್ಲಿ ಆರ್‌ಸಿ ರಿನೀವಲ್ ಮಾಡಿಸಿದ್ದರು. ಆ ವರ್ಷ ಏಪ್ರಿಲ್‌ನಿಂದ ಫೀ 600 ಇದ್ದದ್ದು 5,000 ಆಗಿತ್ತಲ್ವಾ, ಆ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡರು. ಬಾಡಿ ಚಲೋ ಇತ್ತು. ತುಕ್ಕು ಅಂದರೆ ಬ್ಯಾಟರಿ ಟ್ರೇ ಕೆಳಗೆ ಮಾತ್ರ. ಆ ತುಕ್ಕು ನೋಡಿದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಗದಗಿನಿಂದ ಹುಬ್ಬಳ್ಳಿವರೆಗೆ ಸರಿಯಾಗೇ ಬಂತು. ಚೆನ್ನಮ್ಮ ಸರ್ಕಲ್ ಹತ್ತಿರ ಫ್ಲೈಓವರ್ ಕೆಲಸದ ಜಾಮ್‌ನಲ್ಲಿ ಹದಿನೈದು ನಿಮಿಷ ನಿಂತೆ ನೋಡಿ, ಸೂಜಿ ಏರತೊಡಗಿತು. ಬೋನೆಟ್ ಎತ್ತಿದರೆ, ನೀರು ತಣ್ಣಗೆ ಮಾಡುವ ರೇಡಿಯೇಟರಿನ ಫ್ಯಾನ್ ತಿರುಗುತ್ತಿದೆ. ಮುಂದೆ ಹೋದ ಎಲ್ಲ ಗ್ಯಾರೇಜಿನಲ್ಲೂ ಇದೇ ಆಯಿತು. ಫ್ಯಾನ್ ತಿರುಗುವುದು ನೋಡಿ "ಫ್ಯಾನ್ ಓಕೆ" ಅಂದುಬಿಡುವುದು. ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ, ಮೋಟರ್ ಕಟ್ಟುವವನಾಗಿ!

ಮೊದಲ ಗ್ಯಾರೇಜು ವಾಟರ್ ಪಂಪ್ ಬದಲಿಸಿತು. 1,900. ಎರಡನೆಯದು ರೇಡಿಯೇಟರ್ ಇಳಿಸಿ ರಾಡ್ ಹೊಡೆಸಿತು, ಅಂದರೆ ಒಳಗಿನ ನಳಿಗೆಗಳಲ್ಲಿ ಕಡ್ಡಿ ಆಡಿಸಿ ಚೊಕ್ಕ ಮಾಡಿಸಿತು. ಹಳೇ ಮಾಲೀಕರು ತಾಮ್ರದ ರೇಡಿಯೇಟರ್ ಹಾಕಿಸಿದ್ದರು, ಅದಕ್ಕೆ ರಾಡ್ ಹೊಡೆಯಲು ಬಂತು. 1,200. ಮೂರನೆಯವರು ಫ್ಯಾನ್ ಸ್ವಿಚ್ಚು, ಫ್ಯಾನ್ ಮೋಟರು ಎರಡೂ ಹೊಸದು ಹಾಕಿದರು. ಎರಡೂ ಸೇರಿ 2,800 ಇರಬೇಕು. ಕೂಲಿ ಬೇರೆ. ಒಟ್ಟು 9 ಸಾವಿರ ಹೋಯಿತು. ಗಾಡಿ ಜಾಮ್‌ನಲ್ಲಿ ಬಿಸಿ ಆಗುವುದು ಬಿಡಲಿಲ್ಲ. ಕೊನೆಗೆ ಬಂದದ್ದೇ ಹೆಡ್ ಇಳಿಸುವ ಮಾತು. 14 ಸಾವಿರ, ಫೇಸಿಂಗ್ (ಹೆಡ್ಡಿನ ತಳ ಉಜ್ಜಿ ಸಮ ಮಾಡುವ) ಖರ್ಚು ಬೇರೆ. 48 ಸಾವಿರದ ಗಾಡಿಗೆ!

ಅವರ ಅನುಮಾನ ಪೂರಾ ತಪ್ಪು ಅಂತ ನಾನು ಹೇಳುವುದಿಲ್ಲ. ಝೆನ್‌ನದು ಬ್ಲಾಕೂ ಅಲ್ಯೂಮಿನಿಯಂ, ಹೆಡ್ಡೂ ಅಲ್ಯೂಮಿನಿಯಂ. ಎರಡು ಸಲ ಜೋರಾಗಿ ಕುದಿಸಿದರೆ ಗ್ಯಾಸ್ಕೆಟ್ ಹೋಗುತ್ತದೆ. ಆದರೆ ನೋಡದೇ ಹೇಳಿದರೆ ಹೇಗೆ? ನಾನು ಮನೆಯಲ್ಲೇ ನೋಡಿದೆ. ಒಂದು ಹಳೇ ರೇಡಿಯೇಟರ್ ಕ್ಯಾಪಿನ ಕೆಳಗಿನ ರಬ್ಬರ್ ಕಿತ್ತು, ಆ ಕ್ಯಾಪನ್ನು ಹಾಕಿದೆ. ಓವರ್‌ಫ್ಲೋ ಪೈಪನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದೆ. ಎಂಜಿನ್ ಬಿಸಿ ಮಾಡಿ ರೇಸ್ ಕೊಟ್ಟೆ. ಮೊದಲು ನಾಲ್ಕಾರು ಗುಳ್ಳೆ ಬಂದವು, ಆಮೇಲೆ ನಿಂತವು. ಗ್ಯಾಸ್ಕೆಟ್ ಹೋಗಿದ್ದರೆ ಗಿರಣಿ ಹಾಗೆ ಬಿಡದೇ ಬರುತ್ತವೆ. ಪರಿಚಯದವರ ಕಂಪ್ರೆಷನ್ ಗೇಜ್ ತಂದೆ. ನಾಲ್ಕೂ ಸಿಲಿಂಡರ್ 170 ಪಿಎಸ್‌ಐ ಆಸುಪಾಸು, ಒಂದಕ್ಕೊಂದು ಹತ್ತರ ಫರಕು, ಅಂದರೆ ಒತ್ತಡ ಸೋರುತ್ತಿಲ್ಲ. ಡಿಪ್ ಸ್ಟಿಕ್ಕಿನಲ್ಲಿ ಚಹಾದ ಬಣ್ಣ ಇಲ್ಲ, ಅಂದರೆ ಎಂಜಿನ್ ಆಯಿಲ್‌ಗೆ ನೀರು ಸೇರಿಲ್ಲ. ಇದನ್ನೆಲ್ಲ ಮೂರನೇ ಗ್ಯಾರೇಜಿನವರಿಗೆ ಹೇಳಿದೆ. "ನೀವು ಮೋಟರ್ ಕಟ್ಟರಿ ಸಾಹೇಬ್ರ, ಎಂಜಿನ್ ನಮಗ ಬಿಡ್ರಿ" ಅಂದರು. ಆ ಮಾತು ಒಳಗೆ ಚುಚ್ಚಿತು.

ಗುಟ್ಟು ಸಿಕ್ಕಿದ್ದು ಒಂದು ರಾತ್ರಿ, ನವನಗರದಲ್ಲಿ ಮನೆ ಮುಂದೆ. ಐಡಲ್‌ನಲ್ಲಿ ಗಾಡಿ ನಿಂತಿತ್ತು. ಗೇಟಿನ ಬೀಗ ಕಾಣಲಿಲ್ಲ ಅಂತ ಹೆಡ್‌ಲೈಟ್ ಹಾಕಿದೆ. ಟೆಂಪರೇಚರ್ ಸೂಜಿ ಟಕ್ ಅಂತ ಒಂದು ಗೀಟು ಏರಿತು. ಲೈಟ್ ಆರಿಸಿದೆ, ಇಳಿಯಿತು. ಮತ್ತೆ ಹಾಕಿದೆ, ಏರಿತು. ನೀರು ಒಂದು ಸೆಕೆಂಡಿನಲ್ಲಿ ಬಿಸಿ ಆಗಿ ಒಂದು ಸೆಕೆಂಡಿನಲ್ಲಿ ಆರುತ್ತದೆಯೇ? ಆಗುವುದಿಲ್ಲ. ಇದು ಅರ್ಥಿಂಗ್, ಅಂದರೆ ಕರೆಂಟು ಬಾಡಿಯಿಂದ ಬ್ಯಾಟರಿಗೆ ವಾಪಸ್ ಹೋಗುವ ನೆಗೆಟಿವ್ ದಾರಿಯ ತೊಂದರೆ.

ಮರುದಿನ ಅಂಗಡಿಗೆ ಹೋಗಲಿಲ್ಲ. ಎಂಜಿನ್ ಚಾಲೂ, ಫ್ಯಾನ್ ಚಾಲೂ, ಮೀಟರ್ ವೋಲ್ಟಿನ ಮೇಲೆ. ಬ್ಯಾಟರಿಯಲ್ಲಿ 13.8. ಫ್ಯಾನ್ ಸಾಕೆಟ್ಟಿನಲ್ಲಿ 10.3. ಮೂರೂವರೆ ವೋಲ್ಟು ದಾರಿಯಲ್ಲೇ ಮಾಯ! ಅದಕ್ಕೇ ಫ್ಯಾನ್ ನಿಧಾನ ತಿರುಗುತ್ತಿತ್ತು. ಪಾಸಿಟಿವ್ ಕಡೆ ಹುಡುಕಿದರೆ 0.9 ಕಳೆದಿದೆ, ಫ್ಯಾನಿಗೆ ಕರೆಂಟು ಬಿಡುವ ಸ್ವಿಚ್ಚಿನ, ಅಂದರೆ ಹಳೇ ರಿಲೇಯ, ಪಾಯಿಂಟು ಕರಗಿತ್ತು. ಉಳಿದ 2.6 ಪೂರ್ತಿ ನೆಗೆಟಿವ್ ಕಡೆ. ಅದರ ಮೇಲೆ ಹೆಡ್‌ಲೈಟ್ ಹಾಕಿದೆ, ನೆಗೆಟಿವ್ ಕಡೆಯ ಕಳವು 4 ದಾಟಿತು.

ಯಾರಿಗೂ ಯಾಕೆ ಅನುಮಾನ ಬರಲಿಲ್ಲ ಅಂದರೆ, ಸ್ಟಾರ್ಟರ್ ಗಟ್ಟಿ ಇತ್ತು. ಬ್ಯಾಟರಿ ನೆಗೆಟಿವ್‌ನ ದಪ್ಪ ಕೇಬಲ್ ಸೀದಾ ಗೇರ್‌ಬಾಕ್ಸಿಗೆ ಹೋಗುತ್ತದೆ, ಅದು ಚಲೋ ಇತ್ತು. ಬಾಡಿಯ ತಗಡಿಗೆ ಹೋಗುವ ಸಣ್ಣ ವೈರು ಮಾತ್ರ ಬ್ಯಾಟರಿ ಟ್ರೇ ಕೆಳಗೆ, ಆಸಿಡ್ಡು ತಿಂದ ಜಾಗದಲ್ಲಿ, ಬೋಲ್ಟಿನ ಕೆಳಗೆ ಹಸಿರುಪುಡಿ ಆಗಿ ಕೂತಿತ್ತು. ಫ್ಯಾನೂ ಲೈಟೂ ಆ ಪುಡಿಯ ಮೇಲೆ ಬದುಕುತ್ತಿದ್ದವು. ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಇದೇ ವೈರಿಗೆ ಮೀಟರ್ ಹಚ್ಚಿ, ತುಂಡಾಗಿಲ್ಲದಿದ್ದರೆ ಸದ್ದು ಮಾಡುವ ಬೀಪ್ ಹಾಕಿ ನೋಡಿದ್ದರು. ಬೀಪ್ ಬಂತು, ಪಾಸ್ ಮಾಡಿದರು. ಬೀಪ್‌ಗೆ ಒಂದು ಎಳೆ ತಾಮ್ರ ಸಾಕು. ಏಳೆಂಟು ಆಂಪಿಯರ್ ಎಳೆದಾಗಲೇ ಅದರ ಬಣ್ಣ ಬಯಲಾಗುವುದು. ಹೊಲದ ಸ್ಟಾರ್ಟರ್ ಡಬ್ಬಿಯಲ್ಲಿ ಇದನ್ನು ದಿನಾ ನೋಡುತ್ತೇನೆ. ಮೋಟರ್ ಬಂದ್ ಇದ್ದಾಗ ಮೂರೂ ಫೇಸ್ ಚೊಕ್ಕ ತೋರಿಸುತ್ತವೆ, ಚಾಲೂ ಮಾಡಿದರೆ ಒಂದು ಕುಸಿಯುತ್ತದೆ. ಕಾರಿನಲ್ಲಿ ಅದೇ ಬುದ್ಧಿ ಓಡಲು ಮೂರು ತಿಂಗಳು ಬೇಕಾಯಿತು.

ಸಬ್‌ಮರ್ಸಿಬಲ್ ಕೇಬಲ್ ತುಂಡಿಗೆ ನಮ್ಮ ಅಂಗಡಿಯಲ್ಲಿ ಬರವೇ? 10 ಸ್ಕ್ವೇರ್ ಎಂಎಂ ತಗೊಂಡು ಲಗ್ ಕ್ರಿಂಪ್ ಮಾಡಿ, ಪೇಂಟ್ ಕೆರೆದು, ಬಾಡಿಯ ತಗಡಿಗೆ ಬಿಗಿದೆ. ಎಲ್ಲಿ ಬಿಗಿದೆ ಅಂತ ಹೇಳುವುದಿಲ್ಲ. ಮಾರುತಿಗಳಲ್ಲಿ ನೀರು ತಾಗದ ಒಂದು ಜಾಗ ಇದೆ, ಹುಡುಕಿದವರಿಗೆ ಸಿಗುತ್ತದೆ. ಫ್ಯಾನಿನ ನೆಗೆಟಿವ್‌ಗೆ ಬೇರೆ ವೈರು, ಸೀದಾ ಬ್ಯಾಟರಿಗೆ. ರಿಲೇ ಹೊಸದು. ಈಗ ಫ್ಯಾನಿಗೆ 13.3 ಸಿಗತೊಡಗಿತು. ಸದ್ದೇ ಬದಲಾಯಿತು. ನಮ್ಮ ಮನೆಯವಳು ಒಳಗಿನಿಂದ "ಏನ್ ಹಚ್ಚೀರಿ ಅದು?" ಅಂತ ಕೇಳಿದಳು.

ಮಾರನೇ ದಿನ ಬೇಕಂತಲೇ ಸಂಜೆ ಆರಕ್ಕೆ ಚೆನ್ನಮ್ಮ ಸರ್ಕಲ್‌ಗೆ ಹೋಗಿ ಜಾಮ್‌ನಲ್ಲಿ ನಿಂತೆ. ಜಾಮ್ ಹುಡುಕಿಕೊಂಡು ಹೋದ ಮನುಷ್ಯ ಹುಬ್ಬಳ್ಳಿಯಲ್ಲಿ ನಾನೊಬ್ಬನೇ ಇರಬೇಕು. ಸೂಜಿ ಅಲ್ಲಾಡಲಿಲ್ಲ. ಎಲ್ಲರಿಗೂ ಫೋನ್ ಮಾಡಿ ಹೇಳಿದೆ.

ಹೇಳಿದ್ದೇ ತಪ್ಪಾಯಿತು. ಮುಂದಿನ ಭಾನುವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಅಂಕೋಲೆಗೆ ಹೋದೆ. ಕಲಘಟಗಿ, ಯಲ್ಲಾಪುರ ದಾಟಿ ಇಳಿಯುವಾಗ ಏನೂ ಇಲ್ಲ. ಬರುವಾಗ ಅರಬೈಲ್ ಏರಿನಲ್ಲಿ, ಒಂದು ಲಾರಿ ಹಿಂದೆ ಸೆಕೆಂಡ್ ಗೇರಿನಲ್ಲಿ ಹತ್ತುತ್ತಿದ್ದಾಗ, ಸೂಜಿ ಮೇಲೆ ಹೋಗಿ ಕುದ್ದೇಬಿಟ್ಟಿತು. ಅವಸರದಲ್ಲಿ ಕ್ಯಾಪಿಗೆ ಕೈ ಹಾಕಿದೆ. ಮುಂಗೈ ಸುಟ್ಟ ಗುರುತು ಈಗಲೂ ಇದೆ. ಲಾರಿ ಕ್ಲೀನರ್ ಹುಡುಗ ಒಂದು ಕ್ಯಾನ್ ನೀರು ಕೊಟ್ಟ. ಹಿಂದಿನ ಸೀಟಿನಿಂದ ಭಾವ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚಲೋ ಇತ್ತು.

ಒಂದು ವಾರ ಗಾಡಿ ಮುಟ್ಟಲಿಲ್ಲ. ಆಮೇಲೆ ತಲೆ ತಣ್ಣಗಾಯಿತು. ಜಾಮ್‌ನಲ್ಲಿ ಬಿಸಿ ಆದರೆ ಗಾಳಿ ಸಾಲುತ್ತಿಲ್ಲ, ಏರಿನಲ್ಲಿ ಬಿಸಿ ಆದರೆ ನೀರು ಸರಿಯಾಗಿ ಹರಿಯುತ್ತಿಲ್ಲ. ಇದು ಗ್ಯಾರೇಜಿನ ಹಳೇ ಲೆಕ್ಕ. ಅಂದರೆ ನನ್ನ ಗಾಡಿಗೆ ರೋಗ ಎರಡಿದ್ದವು, ಒಂದು ವಾಸಿ ಆಗಿತ್ತು ಅಷ್ಟೇ.

ಬೋನೆಟ್ ಎತ್ತಿ ಮಗನಿಗೆ ರೇಸ್ ಕೊಡಲು ಹೇಳಿದೆ. ಮೂರು ಸಾವಿರ ಆರ್‌ಪಿಎಂ ಆಸುಪಾಸು ಹೋದಾಗ ರೇಡಿಯೇಟರಿನ ಕೆಳಗಿನ ಪೈಪು ಚಪ್ಪಟೆ ಆಯಿತು! ಪಂಪು ಎಳೆಯುತ್ತಿದೆ, ರೇಡಿಯೇಟರ್ ಕೊಡುತ್ತಿಲ್ಲ. ಆದರೆ ರಾಡ್ ಹೊಡೆಸಿ ನಾಲ್ಕು ತಿಂಗಳೂ ಆಗಿರಲಿಲ್ಲವಲ್ಲ? ಇಳಿಸಿ ಮೇಲಿನ ಟ್ಯಾಂಕಿನಲ್ಲಿ ಬೆರಳಾಡಿಸಿದೆ. ಬಿಳಿ ಹಕ್ಕಳೆ, ಒಡೆದ ಮೊಟ್ಟೆ ಸಿಪ್ಪೆ ಹಾಗೆ, ಒಂದು ಹಿಡಿ. ರಾಡ್ ಹೊಡೆದವರು ರೇಡಿಯೇಟರ್ ಚೊಕ್ಕ ಮಾಡಿದ್ದರು, ಬ್ಲಾಕಿನೊಳಗಿನ ಹಕ್ಕಳೆ ಹಾಗೇ ಬಿಟ್ಟಿದ್ದರು. ಅದು ಸಡಿಲಾಗಿ ಬಂದು ಇಲ್ಲೇ ಕೂತಿತ್ತು. ಹಳೇ ಮಾಲೀಕರಿಗೆ ಫೋನ್ ಮಾಡಿ ಯಾವ ನೀರು ಹಾಕುತ್ತಿದ್ದಿರಿ ಅಂತ ಕೇಳಿದೆ. "ಹೊಲದ ಬೋರಿನ ನೀರ್ರೀ, ಮತ್ಯಾವ್ದು?" ಗದಗ ಕಡೆಯ ಸವಳು ನೀರು. ಇಪ್ಪತ್ತು ವರ್ಷ.

ನನಗೆ ನೋಡುವ ಚಪಲ ಬಂತು. ಅವರ ಬೋರಿನ ನೀರು ಒಂದು ಕ್ಯಾನ್ ತರಿಸಿದೆ. ಅದು ಒಂದು ಲೀಟರ್, ನಮ್ಮ ನಲ್ಲಿಯ ಮಲಪ್ರಭಾ ನೀರು ಒಂದು ಲೀಟರ್, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್. ಮೂರು ಸ್ಟೀಲ್ ಪಾತ್ರೆಯಲ್ಲಿ ಪೂರ್ತಿ ಇಂಗುವವರೆಗೆ ಕುದಿಸಿದೆ. ಬೋರಿನ ಪಾತ್ರೆ ಸುಣ್ಣ ಬಳಿದ ಗೋಡೆ ಆಯಿತು. ಮಲಪ್ರಭಾದ್ದು ತೆಳ್ಳಗೆ ಮಂಜು ಹಾಗೆ. ಡಿಸ್ಟಿಲ್ಡ್‌ನದು ಹೊಳೆಯುತ್ತಿತ್ತು. ಗ್ಯಾಸ್ ಸಿಲಿಂಡರ್ ಆ ತಿಂಗಳು ಬೇಗ ಖಾಲಿ ಆಯಿತು ಅನ್ನುವ ಆರೋಪ ಇನ್ನೂ ನನ್ನ ಮೇಲಿದೆ.

ಹಕ್ಕಳೆ ತೆಗೆಯಲು ಮೊದಲು ಹುಣಸೆಹುಳಿ ನೀರು ಹಾಕಿ ನೋಡಿದೆ. ದಂಡ. ತಪ್ಪಲೆ ಬೆಳಗಲು ಸರಿ, ಎಂಜಿನ್‌ಗಲ್ಲ. ನಾರು ತೊಳೆದು ತೆಗೆಯಲು ಅರ್ಧ ದಿನ ಹೋಯಿತು. ಆಮೇಲೆ ಲಿಂಬಿ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ. ಅಲ್ಯೂಮಿನಿಯಂ ಬ್ಲಾಕ್ ಅಂತ ಹೆದರಿ ತೆಳ್ಳಗೆ ಕಲೆಸಿ, ಒಂದೊಂದು ಸಲಕ್ಕೆ ಇಪ್ಪತ್ತೇ ನಿಮಿಷ ಎಂಜಿನ್ ಓಡಿಸಿ ಇಳಿಸಿದೆ. ನಾಲ್ಕು ಸಲ. ನೀರು ಮೊದಲು ಕೆಮ್ಮಣ್ಣು, ಆಮೇಲೆ ಹಾಲು, ಕೊನೆಗೆ ನೀರು. ಅಳತೆ ಎಷ್ಟು, ಕೊನೆಯ ಸಲ ಅದರ ಜೊತೆ ಇನ್ನೇನು ಬೆರೆಸಿದೆ, ಅದನ್ನು ಕೇಳಬೇಡಿ. ಕೊನೆಗೆ ಬೇಕಿಂಗ್ ಸೋಡಾ ನೀರಿನಲ್ಲಿ ಒಮ್ಮೆ ತೊಳೆಯುವುದನ್ನು ಮಾತ್ರ ಮರೆಯಬೇಡಿ. ಹುಳಿ ಒಳಗೆ ಉಳಿಯಬಾರದು. ಹಕ್ಕಳೆ ಕಳಚಿದ ಮೇಲೆ ಎರಡು ಕಡೆ ಸೋರತೊಡಗಿತು. ಸೋರದಂತೆ ಹಿಡಿದಿದ್ದದ್ದೇ ಆ ಹಕ್ಕಳೆ! ಎರಡೂ ಪೈಪು, ಕ್ಲಿಪ್ಪು ಬದಲಿಸಿದೆ. ಕ್ಯಾಪಿನ ಸ್ಪ್ರಿಂಗ್ ಬೆರಳಲ್ಲಿ ಒತ್ತಿದರೆ ಕೂತುಬಿಡುತ್ತಿತ್ತು. ಒತ್ತಡ 0.9 ಅಂತ ಬರೆದ ಹೊಸದು ಹಾಕಿದೆ.

ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿ ಆದ ಮೇಲೆ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ. ಅದು ಕೂರುವ ಮನೆಯೊಳಗೆ ಥರ್ಮೋಸ್ಟಾಟೇ ಇರಲಿಲ್ಲ. ಯಾರೋ ಕಿತ್ತು ಎಸೆದಿದ್ದರು. ನಮ್ಮ ಕಡೆ ಅದು ಸಂಪ್ರದಾಯ ಅಲ್ವಾ, ಗಾಡಿ ಬಿಸಿ ಆದರೆ ಮೊದಲು ಅದನ್ನೇ ಕೀಳುವುದು. ಮೂರು ಅಂಗಡಿಯಿಂದ ಮೂರು ತಂದೆ. ಮೂರರ ಮೇಲೂ 82 ಅಂತ ಕೆತ್ತಿತ್ತು, ಅಂದರೆ 82 ಡಿಗ್ರಿಗೆ ಬಾಯಿ ತೆರೆಯಬೇಕು. ಪಾತ್ರೆಯಲ್ಲಿ ಕುದಿಸಿದೆ, ಈ ಸಲ ಅಂಗಡಿಯ ಸ್ಟೋವಿನಲ್ಲಿ. ಒಂದು 76ಕ್ಕೇ ಬಾಯಿ ಬಿಟ್ಟಿತು. ಇನ್ನೊಂದು 83-84ಕ್ಕೆ. ಮೂರನೆಯದು ನೀರು ಕುದ್ದರೂ ತೆಗೆಯಲಿಲ್ಲ. ಅದನ್ನು ಹಾಕಿದ್ದರೆ ನನ್ನ ಕಥೆ ಮತ್ತೆ ಹೆಡ್ಡಿಗೇ ಬರುತ್ತಿತ್ತು. ಎರಡನೆಯದನ್ನು ಹಾಕಿದೆ. ಪುಕ್ಕಟೆ ಲಾಭ ಏನೆಂದರೆ ಮೈಲೇಜು. 11-12 ಕೊಡುತ್ತಿದ್ದ ಗಾಡಿ 15ಕ್ಕೆ ಬಂತು. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಅಲ್ಲಿಯವರೆಗೆ ಸುಮ್ನೆ ಪೆಟ್ರೋಲ್ ಸುರಿಯುತ್ತಿತ್ತು.

ಲಗ್ಗು, ರಿಲೇ, ಕ್ಯಾಪು, ಪೈಪು, ಮೂರು ಥರ್ಮೋಸ್ಟಾಟು, ಕೂಲಂಟು. ನನ್ನ ಖರ್ಚು ಹತ್ತಿರ ಹತ್ತಿರ 2,800. ಅದರಲ್ಲಿ 1,100 ಥರ್ಮೋಸ್ಟಾಟಿನ ಚಪಲಕ್ಕೇ ಹೋಯಿತು.

ಮೊದಲು ಹೇಳಿದೆನಲ್ಲ, "ಎಂಜಿನ್ ನಮಗ ಬಿಡ್ರಿ" ಅಂದವರು, ಅವರನ್ನೇ ಈ ಮೇನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅರಬೈಲ್ ಹತ್ತಿಸಿದ್ದು. ಕುದಿಯದಿದ್ದರೆ ಎಲ್ಲರಿಗೂ ಗಿರ್ಮಿಟ್, ಮಿರ್ಚಿ ಅವರ ಲೆಕ್ಕ ಅಂತ ಪಂಥ. ದಾರಿಯುದ್ದಕ್ಕೂ ರೋಡು ಬಿಟ್ಟು ಸೂಜಿಯನ್ನೇ ನೋಡಿದರು. ಯಲ್ಲಾಪುರ ಬಂದಾಗ ಇಳಿದು ಬೋನೆಟ್ ಎತ್ತಿ, ಪೈಪು ಹಿಂಡಿ ನೋಡಿ, "ಹವಾ ತಂಪೈತಿ ಇವತ್ತ" ಅಂದರು. ಗಿರ್ಮಿಟ್ ಮಾತ್ರ ಕೊಡಿಸಿದರು.

ಹೋದ ವಾರ ಅಂಗಡಿಗೆ ಬಂದಿದ್ದರು. ಹಾವೇರಿಯ ಗಿರಾಕಿಯ ಓಮ್ನಿ, ಲೈಟ್ ಹಾಕಿದರೆ ಸೂಜಿ ಏರುತ್ತದಂತೆ. ಜೇಬಿನಿಂದ ಹೊಸ ಮೀಟರ್ ತೆಗೆದು ತೋರಿಸಿದರು, 350 ಕೊಟ್ಟು ತಗೊಂಡಿದ್ದು. "ಅರ್ಥಿಂಗ್ ಎಲ್ಲಾ ನೋಡೀನ್ರಿ, ಚಲೋ ಬೀಪ್ ಬರಾಕತ್ತೇತಿ."