ಬಾಡಿಗೆಗೆ ಬಂದ ಬೀದಿಯಲ್ಲೇ ಮನೆ ಕೊಂಡದ್ದು

ಮೈಸೂರಿನ ಕುವೆಂಪುನಗರದಲ್ಲಿ ಮನೆ ಬೇಕು ಅಂದಾಗ ಬ್ರೋಕರ್ ನಕ್ಕುಬಿಟ್ಟ. "ಅಲ್ಲಿ ಯಾರೂ ಮನೆ ಮಾರಲ್ಲ ಸಾರ್. ಮಕ್ಕಳು ಪಾಲು ಕೇಳಿದಾಗ ಮಾತ್ರ ಮಾರ್ತಾರೆ." ಮಾತಿನ ಮೊದಲರ್ಧ ನನಗೆ ಆಗಲೇ ಅರ್ಥವಾಗಿತ್ತು. ಉಳಿದರ್ಧ ತಲೆಗೆ ಹೋಗಲು ಒಂದೂವರೆ ವರ್ಷ ಹಿಡಿಯಿತು.

2020ರ ಕೊನೆಯಲ್ಲಿ ಬೆಂಗಳೂರು ಬಿಟ್ಟೆವು. ನನ್ನ ಕೆಲಸ ಮನೆಯಿಂದಲೇ ನಡೆಯುತ್ತಿತ್ತು, ಹೆಂಡತಿಯ ತವರು ಮೈಸೂರು. ಮೊದಮೊದಲು ಭಾನುವಾರಗಳಲ್ಲಿ ರಿಂಗ್ ರೋಡಿನ ಆಚೆಯ ಖಾಸಗಿ ಬಡಾವಣೆಗಳನ್ನು ಸುತ್ತಿದೆವು. ದೊಡ್ಡದೊಂದು ಕಮಾನು, ಒಳಗೆ ನೆಟ್ಟ ಸೈಟು ಕಲ್ಲುಗಳು, ಅಲ್ಲೊಂದು ಇಲ್ಲೊಂದು ಮನೆ. "ಹತ್ತು ವರ್ಷ ಬಿಟ್ಟು ನೋಡಿ ಸಾರ್, ಹೆಂಗಾಗತ್ತೆ" ಅನ್ನುತ್ತಿದ್ದರು. ನನ್ನವಳು ಕೇಳಿದಳು: "ಅಲ್ಲೀವರೆಗೆ ಕೊತ್ತಂಬರಿ ಸೊಪ್ಪು ಎಲ್ಲಿಂದ ತರೋದು?" ಆ ಸುತ್ತಾಟ ಅಲ್ಲಿಗೆ ನಿಂತಿತು.

ಕುವೆಂಪುನಗರದಲ್ಲಿ ಸೊಪ್ಪಿನ ಚಿಂತೆ ಇಲ್ಲ. ಆದಿಪಂಪ ರಸ್ತೆಯ ವೀಣೆ ಶೇಷಣ್ಣ ಭವನದಲ್ಲಿ ಸಂಗೀತ ಕಛೇರಿ ಕೇಳಿ ಮುಗಿಸಿಕೊಂಡು ನಡೆದೇ ಮನೆಗೆ ಬರಬಹುದು. ಉದಯರವಿ, ಪಂಚಮಂತ್ರ, ಅನಿಕೇತನ ಅಂತ ರಸ್ತೆಗಳ ಹೆಸರು. ಕುವೆಂಪು ಅವರ 'ಉದಯರವಿ' ಮನೆ ಇರುವುದು ಒಂಟಿಕೊಪ್ಪಲಿನಲ್ಲಿ, ಆ ಹೆಸರಿನ ರಸ್ತೆ ಇರುವುದು ನಮ್ಮಲ್ಲಿ. ಆಟೋದವರಿಗೆ ಹೇಳುವಾಗ ಎಚ್ಚರ.

ಕೊಳ್ಳುವ ಮೊದಲು ಹನ್ನೊಂದು ತಿಂಗಳ ಕರಾರು ಮಾಡಿಕೊಂಡು ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದೆವು. ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ ಅಂತ ಈಗಲೂ ಅಂದುಕೊಳ್ಳುತ್ತೇನೆ. ಮನೆಯನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಹುದು, ಬೀದಿ ಹಾಗಲ್ಲ, ಅದಕ್ಕೆ ಒಂದು ಮಳೆಗಾಲವೂ ಒಂದು ಬೇಸಿಗೆಯೂ ಬೇಕು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಮನೆಯ ಸಂಪು ಮೊದಲು ತುಂಬುತ್ತದೆ, ನೀರುಗಂಟಿ ಯಾವ ಮೂಲೆಯಲ್ಲಿ ವಾಲ್ವ್ ತಿರುಗಿಸುತ್ತಾನೆ ಅನ್ನುವುದೆಲ್ಲ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ.

ಬೀದಿಯ ತಗ್ಗಿನ ಕೊನೆಯಲ್ಲಿದ್ದ ಒಂದು ಮನೆ ನಮಗೆ ಬಹಳ ಹಿಡಿಸಿತ್ತು. ಮೊಸಾಯಿಕ್ ನೆಲ, ಮುಂದೆ ಸಂಪಿಗೆ ಮರ, ಹೊಸ ಬಣ್ಣ. ಅಕ್ಟೋಬರಿನಲ್ಲಿ ಒಂದು ರಾತ್ರಿ ಎರಡು ತಾಸು ಜಡಿಮಳೆ ಹೊಡೆಯಿತು. ಬೆಳಿಗ್ಗೆ ಹಾಲು ತರಲು ಹೋದಾಗ ಮೋರಿ ಉಕ್ಕಿ ರಸ್ತೆಯೆಲ್ಲ ಕೆಸರು, ಆ ಮನೆಯ ಗೇಟಿನ ಕಂಬದ ಮೇಲೆ ಮೊಣಕಾಲೆತ್ತರಕ್ಕೆ ಒಂದು ಕಂದು ಗೆರೆ. ಹೊಸ ಬಣ್ಣ ಯಾಕೆ ಬಿದ್ದಿತ್ತು ಅಂತ ಆಗ ತಿಳಿಯಿತು. ಪೂರ್ವಕ್ಕೆ ಬಾಗಿಲು ಅಂತ ಅದಕ್ಕೆ ಹೆಚ್ಚಿಗೆ ಬೇರೆ ಕೇಳಿದ್ದರು.

ರಾಮನವಮಿಗೆ ಪಾರ್ಕಿನ ಪಕ್ಕ ಶಾಮಿಯಾನ ಹಾಕಿ ಪಾನಕ ಕೋಸಂಬರಿ ಹಂಚುತ್ತಾರೆ. ಮೊದಲ ವರ್ಷ ಲೋಟ ಹಿಡಿದು ಸಾಲಿನಲ್ಲಿ ನಿಂತೆ. ಮರುವರ್ಷ ಬೆಳಿಗ್ಗೆ ಆರಕ್ಕೇ ಕರೆದು ಬೆಲ್ಲ ಕುಟ್ಟಲು ಕೂರಿಸಿದರು. ನಾವು ಮನೆ ಹುಡುಕುತ್ತಿರುವ ಸುದ್ದಿ ಬೀದಿಯಲ್ಲಿ ಹರಡಿದ್ದು ಅಲ್ಲಿಂದಲೇ. ಒಂದು ದಿನ ಹೂವಿನಮ್ಮ ಮೊಳ ಹಾಕುತ್ತಾ ನನ್ನ ಹೆಂಡತಿಗೆ ಹೇಳಿದಳು: "ಎಂಜಿನಿಯರ್ ಮನೆ ಅಜ್ಜಿ ಮಗನ ಜೊತೆ ಪುಣೆಗೆ ಹೋಗ್ತಾರಂತೆ ಕಣಕ್ಕಾ. ಇನ್ನೂ ಯಾರ್ಗೂ ಹೇಳಿಲ್ಲ."

ಮೂವತ್ತು ನಲವತ್ತರ ಸೈಟು, ಹಳೆಯ ಗಟ್ಟಿ ಮನೆ. ಯಜಮಾನರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ತೀರಿಕೊಂಡವರು. ನಮ್ಮ ಮೇಸ್ತ್ರಿ ಗೋಡೆಗೋಡೆಗೂ ನಾಣ್ಯ ಬಡಿದು ಕಿವಿಗೊಟ್ಟು, ಬಚ್ಚಲ ಗೋಡೆಯ ಗಿಲಾವು ಮಾತ್ರ ಹೋಗಿದೆ ಅಂದ. ಉಪ್ಪಿಟ್ಟು ತಿನ್ನುತ್ತಾ ಒಂದೇ ಸಂಜೆಯಲ್ಲಿ ಬೆಲೆ ಕುದುರಿತು, ಬ್ರೋಕರ್ ಕಮಿಷನ್ನೂ ಉಳಿಯಿತು. ಆ ಖುಷಿಯಲ್ಲಿ ಕ್ರಯದ ಕರಾರನ್ನೂ ಬರೆಸದೆ ಎರಡು ಲಕ್ಷದ ಚೆಕ್ಕು ಕೊಟ್ಟುಬಂದೆ. ಪೆದ್ದ ಕೆಲಸ. ಪರಿಚಯ ಬೆಳೆದಷ್ಟೂ ಕಾಗದ ಕೇಳಲು ನಾಲಿಗೆ ಏಳುವುದಿಲ್ಲ. ಯುಗಾದಿಗೆ ಅವರ ಮನೆಯ ಹೋಳಿಗೆ ತಿಂದಿದ್ದೇವೆ; ಈಗ ಮೂಲಪತ್ರ ತೋರಿಸಿ ಅನ್ನುವುದು ಹೇಗೆ?

ಅವರಾಗಿಯೇ ಜೆರಾಕ್ಸ್ ಕೊಟ್ಟರು. ಹಂಚಿಕೆ ಪತ್ರ ಹಿಂದೆ ಸೈಟು ಹಂಚುತ್ತಿದ್ದ ಮಂಡಳಿ ಸಿಐಟಿಬಿಯದು, ಕ್ರಯಪತ್ರ ನಗರಾಭಿವೃದ್ಧಿ ಪ್ರಾಧಿಕಾರ ಮುಡಾದ್ದು. 1988ರಲ್ಲಿ ಸಿಐಟಿಬಿ ಹೋಗಿ ಮುಡಾ ಬಂದದ್ದರಿಂದ ಆ ಕಾಲದ ಸೈಟುಗಳಲ್ಲಿ ಹೀಗೆ ಎರಡು ಹೆಸರು ಕಂಡರೆ ಗಾಬರಿಯಾಗಬೇಕಿಲ್ಲ. ಇ.ಸಿ., ಅಂದರೆ ಆಸ್ತಿಯ ಋಣಭಾರ ಪತ್ರ, ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್ಲಿನಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅರ್ಜಿ ಕೊಟ್ಟು ಹಳೆಯ ಪುಸ್ತಕ ಹುಡುಕಿಸಬೇಕಾಯಿತು. ಪತ್ರದಲ್ಲಿದ್ದ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಎಲ್ಲೆ, ಹಿಡಿದು ಟೇಪಿನಲ್ಲಿ ಅಳೆದಾಗ ಪಡುವಣ ಕಾಂಪೌಂಡು ಪಕ್ಕದವರ ಕಡೆಗೆ ಅರ್ಧ ಅಡಿ ಸರಿದಿತ್ತು. ಅವರು "ನಾವೇ ಕಟ್ಟಿಸಿದ್ದಲ್ಲ, ಎಂಜಿನಿಯರ್ರೇ ಕಟ್ಟಿಸಿದ್ದು" ಅಂತ ನಕ್ಕು, ನಮ್ಮ ಜೊತೆ ಒಂದು ಕಾಗದಕ್ಕೆ ಸಹಿ ಹಾಕಿದರು.

ಇವೆಲ್ಲವನ್ನೂ ಜೋಡಿಸಿಕೊಂಡು ಹೆಮ್ಮೆಯಿಂದ ವಕೀಲರ ಮುಂದೆ ಇಟ್ಟೆ. ಅವರು ಕಡತ ಬಿಚ್ಚಲೇ ಇಲ್ಲ.

"ಯಜಮಾನರು ವಿಲ್ ಬರೆದಿದ್ರಾ?"

"ಇಲ್ಲ ಸಾರ್."

"ಮಕ್ಕಳೆಷ್ಟು?"

"ಇಬ್ಬರು ಗಂಡುಮಕ್ಕಳು."

"ನಾನು ಕೇಳಿದ್ದು ಮಕ್ಕಳು."

ಹಾಸನದಲ್ಲಿ ಒಬ್ಬ ಮಗಳಿದ್ದಾರೆ ಅನ್ನುವುದು ಬೀದಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ದಸರಾಕ್ಕೆ ಬಂದಾಗ ಮಾತಾಡಿಸಿಯೂ ಇದ್ದೆ. ಲೆಕ್ಕಕ್ಕೆ ಮಾತ್ರ ತಗೊಂಡಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ಗಂಡಸು ವಿಲ್ ಬರೆಯದೆ ಹೋದರೆ ಅವನ ಸ್ವಯಾರ್ಜಿತ ಆಸ್ತಿ ಹೆಂಡತಿಗೂ ಗಂಡು ಹೆಣ್ಣು ಮಕ್ಕಳಿಗೂ ಸಮಪಾಲು, ಅವನ ತಾಯಿ ಬದುಕಿದ್ದರೆ ಅವಳಿಗೂ ಅಷ್ಟೇ ಪಾಲು. ಇದು 1956ರ ಕಾಯಿದೆಯಲ್ಲೇ ಇದೆ. 2005ರ ತಿದ್ದುಪಡಿ ಪಿತ್ರಾರ್ಜಿತದ ಮಾತು, ಅದನ್ನು ಇದಕ್ಕೆ ಸೇರಿಸಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಅಂದರೆ ಈ ಮನೆ ನಾಲ್ವರದು, ಒಬ್ಬೊಬ್ಬರದು ಕಾಲು ಕಾಲು.

ದೊಡ್ಡ ಮಗನಿಗೆ ಹೇಳಿದಾಗ ಮುಖ ಗಂಟಾಯಿತು. "ಖಾತೆ ಅಮ್ಮನ ಹೆಸರಲ್ಲಿದೆ. ಅವಳ ಮದುವೆಗೆ ಅಪ್ಪ ಸಾಕಷ್ಟು ಮಾಡಿದ್ದಾರೆ. ಅವಳೇನೂ ಕೇಳಲ್ಲ ಬಿಡಿ." ಖಾತೆ ಅಂದರೆ ಕಂದಾಯ ಯಾರು ಕಟ್ಟಬೇಕು ಅನ್ನುವ ದಾಖಲೆ ಅಷ್ಟೇ, ಅದು ಹಕ್ಕಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಪಾರ್ಕಿನಲ್ಲಿ ವಾಕಿಂಗ್ ಬರುವ ಹಿರಿಯರೂ "ಮರ್ಯಾದಸ್ತರು ಕಣ್ರೀ, ಏನೂ ಆಗಲ್ಲ" ಅಂದರು. ನಿಜ ಹೇಳಬೇಕೆಂದರೆ ನಾನು ಒಪ್ಪಿಕೊಂಡುಬಿಡುತ್ತಿದ್ದೆ. ಬೇರೆ ಮನೆ ಹುಡುಕುವ ಚೈತನ್ಯ ಉಳಿದಿರಲಿಲ್ಲ.

ನನ್ನ ಹೆಂಡತಿ ಮಧ್ಯಾಹ್ನ ಗಂಡಸರಿಲ್ಲದ ಹೊತ್ತು ನೋಡಿ ಅಜ್ಜಿಯ ಹತ್ತಿರ ಹೋದಳು. ಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಪಕ್ಕ ಕೂತು ತಾನೂ ನಾಲ್ಕು ಹೊಸೆದು, "ಅಜ್ಜಿ, ಅಕ್ಕನ ಸಹಿ ಇಲ್ದೆ ನಾವು ತಗೊಳೋಕಾಗಲ್ಲ" ಅಂದಳಂತೆ. ಅಜ್ಜಿ ಕೈ ನಿಲ್ಲಿಸಲಿಲ್ಲ. "ನಾನು ಹೇಳಿದ್ರೆ ಮನೇಲಿ ಜಗಳ. ನೀವು ಹೇಳಿದ್ರೆ ಕಾನೂನು. ಹಂಗೇ ಹೇಳ್ರಮ್ಮ, ಬಿಡ್ಬೇಡಿ."

ನಾವೂ ಬಿಡಲಿಲ್ಲ. ಎರಡು ತಿಂಗಳು ಹಿಡಿಯಿತು. ಪತ್ರ ಬರಹಗಾರರಿಂದ ಬಂದ ಕರಡಿನಲ್ಲಿ ಮಗಳ ಹೆಸರೇನೋ ಇತ್ತು, ಇದ್ದದ್ದು ಕೊನೆಯ ಪುಟದಲ್ಲಿ, 'ಒಪ್ಪಿಗೆ ಸಾಕ್ಷಿ' ಅಂತ. ವಕೀಲರು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು, ಮೊದಲ ಪುಟದಲ್ಲಿ ಅಣ್ಣ ತಮ್ಮಂದಿರ ಸಾಲಿನಲ್ಲೇ ಮಾರುವವರಾಗಿ ಬರೆದರು. ಕೊಳ್ಳುವವರು ಕರಡನ್ನು ಹಿಂದಿನಿಂದ ಮುಂದಕ್ಕೆ ಓದಬೇಕು ಅಂತ ನಾನು ಕಲಿತದ್ದು ಆವತ್ತು.

ನೋಂದಣಿಯಾದದ್ದು 2022ರ ಆಗಸ್ಟಿನಲ್ಲಿ. ಮುದ್ರಾಂಕ 5%, ಅದರ ಮೇಲಿನ ಸೆಸ್ಸು ಸರ್ಚಾರ್ಜು ಸೇರಿ 5.6%, ನೋಂದಣಿ ಶುಲ್ಕ 1%. ಒಂದು ಕೋಟಿಗೆ 6.6 ಲಕ್ಷ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2% ಆಗಿರುವುದರಿಂದ ಈಗಿನವರು ಇನ್ನೊಂದು ಲಕ್ಷ ಸೇರಿಸಿಕೊಳ್ಳಬೇಕು. ಈ ದುಡ್ಡಿಗೆ ಬ್ಯಾಂಕು ಸಾಲ ಕೊಡಲಿಲ್ಲ, ಹೆಂಡತಿಯ ಚಿನ್ನ ಅಡ ಇಟ್ಟೆವು.

ನಾಲ್ಕು ಹೆಸರಿಗೆ ನಾಲ್ಕು ಡಿ.ಡಿ. ಮಗಳು ಹಾಸನದಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಹೆಬ್ಬೆಟ್ಟು ಒತ್ತಿ, ಫೋಟೋಗೆ ಕೂತು, ಡಿ.ಡಿ.ಯನ್ನು ಓದಿಯೂ ನೋಡದೆ ಬ್ಯಾಗಿಗೆ ಹಾಕಿಕೊಂಡರು. ದೊಡ್ಡ ಮಗ ಅವರಿಗೂ ಸೇರಿಸಿ ಕಾಫಿ ತರಿಸಿದ್ದು ನೋಡಿ ನನಗೆ ಎಷ್ಟೋ ನಿರಾಳ.

ಸಂಜೆ ಬೀಗದಕೈ ಕೊಡಲು ಅಜ್ಜಿಯ ಜೊತೆ ಮಗಳೂ ಬಂದರು. ನೇರ ಹಿತ್ತಲಿಗೆ ಹೋಗಿ ಕರಿಬೇವಿನ ಗಿಡದ ಬುಡದಲ್ಲಿ ನಿಂತರು. "ಈ ಕಲ್ಲು ಎತ್ತಿ. ಕೆಳಗೆ ಒಂದು ವಾಲ್ವ್ ಇದೆ, ಅಪ್ಪ ಹಾಕಿಸಿದ್ದು. ಬೇಸಿಗೆಲಿ ಪ್ರೆಶರ್ ಇಲ್ದೇ ಇದ್ರೆ ಮೇಲಿನ ಟ್ಯಾಂಕಿನ ಲೈನ್ ಮುಚ್ಚಿ ಬರೀ ಸಂಪ್‌ಗೆ ಬಿಡಬಹುದು. ಅಣ್ಣಂಗೆ ಇದು ಗೊತ್ತಿಲ್ಲ." ಕಲ್ಲು ಎತ್ತಲು ಇಬ್ಬರು ಬೇಕಾಯಿತು. ವಾಲ್ವ್ ತುಕ್ಕು ಹಿಡಿದು ಕೂತಿತ್ತು.

ಮಾರನೆಯ ದಿನ ಪ್ಲಂಬರ್‌ಗೆ ಫೋನ್ ಮಾಡಿ ವಿಳಾಸ ಹೇಳತೊಡಗಿದೆ. ಮುಖ್ಯರಸ್ತೆ, ಅಡ್ಡರಸ್ತೆ, ಮನೆ ನಂಬರು. ಅವನಿಗೆ ಯಾವುದೂ ಹತ್ತಲಿಲ್ಲ. ಎಂಜಿನಿಯರ್ ಮನೆ ಅಂದೆ. "ಅಂಗನ್ನಿ ಮತ್ತೆ" ಅಂತ ಹತ್ತು ನಿಮಿಷಕ್ಕೆ ಬಂದ.