ಇನ್ನೊಬ್ಬರ ಬಾಲ್ಯದ ರುಚಿ: ಡಬ್ಬಿ ಮಾಂಸದ ಅಡುಗೆಗೆ ಒಂದು ಮಾರ್ಗದರ್ಶಿ

ಡಬ್ಬಿಯಲ್ಲಿ ಬರುವ ಮಾಂಸದ ವಿಷಯದಲ್ಲಿ ಜನರ ಅಭಿಪ್ರಾಯಗಳು ಎರಡು ತುದಿಗಳಲ್ಲಿ ನಿಂತಿರುತ್ತವೆ. ಹವಾಯಿಯಲ್ಲಿ ಬೆಳೆದವರಿಗೆ ಬಾಣಲೆಯಲ್ಲಿ ಹುರಿದ ಸ್ಪ್ಯಾಮ್ ಎಂಬ ಡಬ್ಬಿ ಮಾಂಸದ ಹೋಳು ಮನೆಯೂಟದ ಭಾಗ. ಯುದ್ಧಕಾಲದ ಬ್ರಿಟನ್‌ನಲ್ಲಿ ಬೆಳೆದ ಅನೇಕರಿಗೆ ಅದೇ ಹೋಳು ಬೇರೆ ದಾರಿಯಿಲ್ಲದೆ ತಿಂದ ಪಡಿತರದ ನೆನಪು. ತಾವು ತಿಂದು ಬೆಳೆಯದ ಇಂಥ ಆಹಾರವನ್ನು, ತಿಂದು ಬೆಳೆದವರೊಬ್ಬರಿಗಾಗಿ ಅಥವಾ ಕುತೂಹಲದಿಂದ ತಮಗಾಗಿಯೇ ಸಿದ್ಧಪಡಿಸಲು ಹೊರಟವರಿಗಾಗಿ ಈ ಬರಹ. ನನ್ನ ಮೊದಲ ಸಲಹೆಯೆಂದರೆ, ಡಬ್ಬಿ ತೆರೆದ ಕೂಡಲೇ ಒಂದು ತುಂಡನ್ನು ತಣ್ಣಗೆ ಬಾಯಿಗೆ ಹಾಕಿಕೊಂಡು ತೀರ್ಪು ಕೊಡಬೇಡಿ. ಯಾವ ನಾಡಿನಲ್ಲಿಯೇ ಆಗಲಿ, ಇದನ್ನು ಇಷ್ಟಪಡುವವರು ಯಾವುದೋ ಒಂದು ಜೊತೆಯೊಂದಿಗೆ ತಿಂದಿರುತ್ತಾರೆ. ಅನ್ನವೋ, ಆಲೂಗಡ್ಡೆಯೋ, ಕಿಮ್ಚಿ ಎಂಬ ಕೊರಿಯಾದ ಹುಳಿ ತರಕಾರಿಯೋ, ಆ ಜೊತೆಯನ್ನು ತೆಗೆದುಬಿಟ್ಟರೆ ನಾಲಿಗೆಗೆ ಉಳಿಯುವುದು ಉಪ್ಪು ಮತ್ತು ಕೊಬ್ಬು ಮಾತ್ರ.

ಅಡುಗೆಗೆ ಮುನ್ನ ಯಾವ ಡಬ್ಬಿ ಬೇಕೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸ್ಥೂಲವಾಗಿ ಮೂರು ಬಗೆಗಳಿವೆ. ನುಣ್ಣಗೆ ಅರೆದ ಮಾಂಸವನ್ನು ಒತ್ತಿ ಬೇಯಿಸಿದ ಲಂಚನ್ ಮೀಟ್ ಮೊದಲನೆಯದು. ಅಮೆರಿಕದ ಮಿನೆಸೋಟ ರಾಜ್ಯದ ಆಸ್ಟಿನ್‌ನಲ್ಲಿರುವ ಹಾರ್ಮೆಲ್ ಕಂಪನಿ 1937ರಲ್ಲಿ ಮಾರುಕಟ್ಟೆಗೆ ತಂದ ಸ್ಪ್ಯಾಮ್, ಡೆನ್ಮಾರ್ಕ್‌ನ ಟುಲಿಪ್, ಚೀನಾದ ಮಾ ಲಿಂಗ್ ಇವೆಲ್ಲ ಈ ಬಗೆಯವು. ಉಪ್ಪಿನಲ್ಲಿ ಹದಗೊಳಿಸಿದ ದನದ ಮಾಂಸದ ಎಳೆಗಳಿರುವ ಕಾರ್ನ್ಡ್ ಬೀಫ್ ಎರಡನೆಯದು. ಮಾಂಸದ ತುಂಡುಗಳನ್ನು ಈರುಳ್ಳಿ, ಕರಿಮೆಣಸು, ಪಲಾವ್ ಎಲೆಯಂಥ ಒಂದು ಎಲೆ ಮತ್ತು ಕೊಬ್ಬಿನೊಂದಿಗೆ ಡಬ್ಬಿಯೊಳಗೇ ಬೇಯಿಸುವ ರಷ್ಯದ ತುಶೋಂಕಾ ಮೂರನೆಯದು. ಒಂದರ ಬದಲು ಇನ್ನೊಂದನ್ನು ಬಳಸಿದರೆ ಅಡುಗೆ ಕೆಡದಿದ್ದರೂ ನೆನಪು ಕೆಡುತ್ತದೆ. ಒಂದೇ ಹೆಸರಿನೊಳಗೂ ವ್ಯತ್ಯಾಸಗಳಿವೆ: ದಕ್ಷಿಣ ಅಮೆರಿಕದಿಂದ ಬ್ರಿಟನ್ನಿಗೆ ಬರುವ ಕಾರ್ನ್ಡ್ ಬೀಫ್ ಹೋಳು ಮಾಡುವಷ್ಟು ಗಟ್ಟಿಯಾಗಿರುತ್ತದೆ, ಫಿಲಿಪ್ಪೀನ್ಸ್‌ನದು ಎಳೆಎಳೆಯಾಗಿ ರಸದಲ್ಲಿ ಸಡಿಲವಾಗಿರುತ್ತದೆ.

ಆದ್ದರಿಂದ ಯಾರಿಗಾಗಿ ಅಡುಗೆ ಮಾಡುತ್ತಿದ್ದೀರೋ ಅವರನ್ನೇ ಕೇಳಿ. "ನಿಮಗೆ ಸ್ಪ್ಯಾಮ್ ಇಷ್ಟವೇ?" ಎಂಬ ಪ್ರಶ್ನೆಗೆ ಸಿಗುವ ಉತ್ತರದಿಂದ ಅಡುಗೆಗೆ ಹೆಚ್ಚಿನ ಪ್ರಯೋಜನವಿಲ್ಲ. ಮನೆಯಲ್ಲಿ ಅದನ್ನು ಯಾರು ಮಾಡುತ್ತಿದ್ದರು, ಹೊತ್ತು ಯಾವುದು, ತಟ್ಟೆಯಲ್ಲಿ ಪಕ್ಕದಲ್ಲಿ ಏನಿರುತ್ತಿತ್ತು, ಅಂಚು ಗರಿಗರಿಯಾಗಿರುತ್ತಿತ್ತೋ ಮೆತ್ತಗಿರುತ್ತಿತ್ತೋ ಎಂದು ಕೇಳಿದರೆ ಅಡುಗೆಯ ವಿಧಾನವೇ ಮಾತಿನಲ್ಲಿ ಹೊರಬರುತ್ತದೆ. ಹಂದಿ ಮಾಂಸವನ್ನೋ ದನದ ಮಾಂಸವನ್ನೋ ತಿನ್ನದವರು ಬಳಗದಲ್ಲಿದ್ದರೆ ಅದನ್ನೂ ಮೊದಲೇ ಕೇಳಿ ತಿಳಿಯಬೇಕು. ಕೋಳಿ ಮಾಂಸದ ಲಂಚನ್ ಮೀಟ್ ಸಿಗುತ್ತದೆ, ಹಲಾಲ್ ಗುರುತಿನ ಡಬ್ಬಿಗಳೂ ಇವೆ.

ಒಂದೇ ವಸ್ತುವಿಗೆ ಇಷ್ಟು ಬೇರೆಬೇರೆ ಬೆಲೆ ಬಂದದ್ದೇಕೆ ಎಂಬುದನ್ನು ಅರಿತುಕೊಂಡರೆ ಅಡುಗೆಯಲ್ಲಿ ತಪ್ಪಾಗುವುದು ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದೊಂದಿಗೆ ಡಬ್ಬಿ ಮಾಂಸ ಪೆಸಿಫಿಕ್ ದ್ವೀಪಗಳಿಗೂ ಏಷ್ಯಾಕ್ಕೂ ಯೂರೋಪಿಗೂ ಹೋಯಿತು. ದಿನವೂ ಅದನ್ನೇ ತಿಂದ ಸೈನಿಕರಿಗೆ ಬೇಸರ ಬಂತು. ಯುದ್ಧ ಮುಗಿದು ತಾಜಾ ಮಾಂಸ ಹೇರಳವಾದ ಮೇಲೆ ಅಮೆರಿಕದ ಹಲವರ ಕಣ್ಣಿನಲ್ಲಿ ಅದು ಬಡವರ ಆಹಾರವಾಯಿತು. ಬ್ರಿಟನ್‌ನಲ್ಲಿ ಪಡಿತರ ಪದ್ಧತಿ 1954ರವರೆಗೂ ಮುಂದುವರಿದದ್ದರಿಂದ ಅಲ್ಲಿ ಪ್ರೀತಿ ಮತ್ತು ಬೇಸರ ಎರಡೂ ಒಟ್ಟಿಗೇ ಉಳಿದವು. ದಕ್ಷಿಣ ಕೊರಿಯಾದಲ್ಲಿ ನಡೆದದ್ದು ಇದಕ್ಕೆ ವಿರುದ್ಧ. 1950ರಿಂದ 1953ರವರೆಗಿನ ಯುದ್ಧದ ನಂತರ ಮಾಂಸವೇ ಅಪರೂಪವಾಗಿದ್ದ ಕಾಲದಲ್ಲಿ ಅಮೆರಿಕದ ಸೇನಾ ನೆಲೆಗಳಿಂದ ಹೊರಬಂದ ಡಬ್ಬಿಗಳು ಸಿಕ್ಕವರ ಪಾಲಿನ ಭಾಗ್ಯವಾಗಿದ್ದವು, ಮತ್ತು ಆ ಗೌರವ ಅಳಿಯದೆ ಉಳಿದು, ಇಂದಿಗೂ ಚುಸೊಕ್ ಎಂಬ ಸುಗ್ಗಿ ಹಬ್ಬಕ್ಕೂ ಚಾಂದ್ರಮಾನ ಹೊಸ ವರ್ಷಕ್ಕೂ ಸ್ಪ್ಯಾಮ್ ಡಬ್ಬಿಗಳನ್ನು ಅಂದವಾದ ಪೆಟ್ಟಿಗೆಯಲ್ಲಿ ಜೋಡಿಸಿ ಉಡುಗೊರೆ ಕೊಡುತ್ತಾರೆ. ಸಮೋವಾ ಮತ್ತು ಟೋಂಗಾಗಳಲ್ಲಿ ಮದುವೆಗೂ ಸಾವಿನ ಮನೆಗೂ ಕಾರ್ನ್ಡ್ ಬೀಫ್ ಡಬ್ಬಿಗಳನ್ನು ಒಯ್ಯುವುದುಂಟು. ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್ ಎರಡನೆಯ ಮಹಾಯುದ್ಧದ ದಿನಗಳನ್ನು ಕುರಿತ ತಮ್ಮ ನೆನಪುಗಳಲ್ಲಿ, ಸ್ಪ್ಯಾಮ್ ಇಲ್ಲದಿದ್ದರೆ ನಮ್ಮ ಸೈನ್ಯಕ್ಕೆ ಊಟ ಕೊಡಲಾಗುತ್ತಿರಲಿಲ್ಲ ಎಂದು ಹೇಳಿಕೊಂಡಿದ್ದಾರೆ. ಹಸಿವಿನ ಕಾಲದಲ್ಲಿ ಕೈಗೆ ಬಂದ ಆಹಾರವನ್ನು ಇನ್ನೊಬ್ಬರು ಹೀಗಳೆಯುವುದು ನನಗೆ ಸಹಿಸಲಾಗದ ಸಂಗತಿ.

ಇನ್ನು ಅಡುಗೆ. ಲಂಚನ್ ಮೀಟ್‌ನಲ್ಲಿ ಎಲ್ಲವೂ ಹುರಿಯುವುದರ ಮೇಲೆ ನಿಂತಿದೆ. ಅರ್ಧ ಬೆರಳಿನಷ್ಟು ದಪ್ಪದ ಹೋಳುಗಳನ್ನು ಮಾಡಿ, ಅವುಗಳಿಗೆ ಅಂಟಿದ ಲೋಳೆಯನ್ನು ಕಾಗದದಿಂದ ಒತ್ತಿ ತೆಗೆದು, ಎಣ್ಣೆ ಹಾಕದ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿಡಿ. ಮೇಲ್ಮೈಯಲ್ಲಿ ತೇವ ಉಳಿದರೆ ಹೋಳು ಹುರಿಯುವ ಬದಲು ಬೇಯುತ್ತದೆ, ಬಣ್ಣ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಅದರದೇ ಕೊಬ್ಬು ಕರಗಿ ಅಂಚಿನ ಸುತ್ತ ಸಣ್ಣ ಗುಳ್ಳೆಗಳು ಏಳುತ್ತವೆ. ಅಂಚು ಕಂದುಬಣ್ಣಕ್ಕೆ ತಿರುಗಿ, ಹೋಳು ತಾನಾಗಿಯೇ ತಳ ಬಿಡುವವರೆಗೆ ಅದನ್ನು ಕದಲಿಸಬೇಡಿ.

ಮುಸುಬಿ ಎಂಬ ಹವಾಯಿಯ ಅನ್ನದ ತಿನಿಸಿಗೆ ಹೀಗೆ ಹುರಿದ ಹೋಳಿನ ಮೇಲೆ ಸೋಯಾ ಸಾಸ್ ಮತ್ತು ಸಕ್ಕರೆಯ ಮಿಶ್ರಣವನ್ನು ಕೊನೆಯಲ್ಲಿ ಸುರಿಯಬೇಕು, ಮೊದಲೇ ಸುರಿದರೆ ಸಕ್ಕರೆ ಸೀದು ಕಹಿಯಾಗುತ್ತದೆ. ಅನ್ನ ಅಂಟಂಟಾಗಿರುವ ಜಪಾನೀ ಜಾತಿಯ ಅಕ್ಕಿಯದೇ ಆಗಬೇಕು; ಉದುರುದುರಾದ ಅನ್ನ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಅಚ್ಚು ಇಲ್ಲದವರು ತೊಳೆದ ಡಬ್ಬಿಯ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅನ್ನ ತುಂಬಿ ಚಮಚದಿಂದ ಒತ್ತಿ, ಹಾಳೆಯನ್ನು ಹಿಡಿದೆತ್ತಿದರೆ ಹೋಳಿನ ಅಳತೆಗೆ ಸರಿಯಾದ ಗಟ್ಟಿ ಸಿಗುತ್ತದೆ. ಡಬ್ಬಿಯ ಬಾಯಿ ಹರಿತವಾಗಿರುವುದರಿಂದ ಬೆರಳು ಒಳಗೆ ಹಾಕಬೇಡಿ. ಅನ್ನದ ಮೇಲೆ ಹೋಳಿಟ್ಟು ನೋರಿ ಎಂಬ ಕಡಲಪಾಚಿಯ ಹಾಳೆಯಿಂದ ಸುತ್ತಿದರೆ ಮುಗಿಯಿತು.

ಬುದೆ ಜಿಗೆ ಎಂಬ ಕೊರಿಯಾದ ಖಾರದ ಸಾರಿನಲ್ಲಿ ಹೋಳುಗಳನ್ನು ಹುರಿಯುವ ಅಗತ್ಯವಿಲ್ಲ. ಕಿಮ್ಚಿ, ಗೊಚುಜಾಂಗ್ ಎಂಬ ಮೆಣಸಿನ ಪೇಸ್ಟ್, ಸಾಸೇಜ್, ಈರುಳ್ಳಿಗಳೊಂದಿಗೆ ಸಾರಿನಲ್ಲಿ ಕುದಿಯುವಾಗ ಮಾಂಸ ತನ್ನ ಉಪ್ಪನ್ನು ಸಾರಿಗೆ ಬಿಟ್ಟುಕೊಡುತ್ತದೆ. ಆದ್ದರಿಂದ ಪ್ರತ್ಯೇಕ ಉಪ್ಪು ಹಾಕದೆ ಕೊನೆಯಲ್ಲಿ ರುಚಿ ನೋಡಿ. ನೂಡಲ್ಸನ್ನು ಬಡಿಸುವ ಮುಂಚೆ ಸೇರಿಸಿದರೆ ಸಾಕು. ಜಪಾನಿನ ಓಕಿನಾವಾ ದ್ವೀಪದವರು ಹಾಗಲಕಾಯಿ, ತೋಫು, ಮೊಟ್ಟೆಗಳ ಜೊತೆ ಲಂಚನ್ ಮೀಟನ್ನು ಬಾಡಿಸುತ್ತಾರೆ. ಕಹಿಯೂ ಉಪ್ಪೂ ಹೀಗೆ ಒಂದನ್ನೊಂದು ಹದಕ್ಕೆ ತರುವ ಈ ಅಡುಗೆಯೇ ಹೊಸಬರಿಗೆ ಅತ್ಯುತ್ತಮ ಆರಂಭವೆಂದು ನಾನು ಹೇಳುತ್ತೇನೆ.

ಕಾರ್ನ್ಡ್ ಬೀಫ್ ಹೋಳು ಮಾಡಬೇಕಿದ್ದರೆ ಡಬ್ಬಿಯನ್ನು ಒಂದೆರಡು ಗಂಟೆ ಫ್ರಿಜ್ಜಿನಲ್ಲಿಡಿ, ಇಲ್ಲವಾದರೆ ಚಾಕು ತಗುಲಿದ ಕೂಡಲೇ ಪುಡಿಯಾಗುತ್ತದೆ. ಬ್ರಿಟಿಷ್ ಹ್ಯಾಶ್‌ಗೆ ಬೇಯಿಸಿದ ಆಲೂಗಡ್ಡೆ ಮತ್ತು ಈರುಳ್ಳಿಯೊಂದಿಗೆ ಅದನ್ನು ಬಾಣಲೆಯಲ್ಲಿ ಒತ್ತಿ ತಳ ಕೆಂಪಾಗುವವರೆಗೆ ಬಿಡಬೇಕು. ಫಿಲಿಪ್ಪೀನ್ಸ್‌ನ ರೀತಿಯಲ್ಲಿ ಬೆಳ್ಳುಳ್ಳಿ, ಈರುಳ್ಳಿಯ ಒಗ್ಗರಣೆಯಲ್ಲಿ ಬಾಡಿಸಿ ಬೆಳ್ಳುಳ್ಳಿ ಅನ್ನ ಮತ್ತು ಹುರಿದ ಮೊಟ್ಟೆಯೊಂದಿಗೆ ಬೆಳಗಿನ ಹೊತ್ತು ಬಡಿಸುತ್ತಾರೆ. ಟೋಂಗಾದವರು ಕೆಸುವಿನ ಎಲೆಯಲ್ಲಿ ಮಾಂಸ, ಈರುಳ್ಳಿ, ತೆಂಗಿನ ಹಾಲು ಹಾಕಿ ಕಟ್ಟಿ ಬೇಯಿಸುತ್ತಾರೆ. ಎಲೆ ಪೂರ್ತಿ ಬೇಯದಿದ್ದರೆ ಗಂಟಲು ತುರಿಸುವುದರಿಂದ ಇಲ್ಲಿ ಅವಸರ ಸಲ್ಲದು. ತುಶೋಂಕಾ ತೆರೆದಾಗ ಮೇಲೆ ಬಿಳಿಯ ಕೊಬ್ಬಿನ ಪದರ ಕಾಣುತ್ತದೆ. ಅದನ್ನು ಎಸೆಯದೆ ಅದರಲ್ಲಿಯೇ ಈರುಳ್ಳಿ ಹುರಿದು, ಮಾಂಸ ಸೇರಿಸಿ, ಬೇಯಿಸಿದ ಬಕ್‌ವೀಟ್ ಎಂಬ ಧಾನ್ಯ ಅಥವಾ ಮ್ಯಾಕರೋನಿಗೆ ಕಲಸಿ.

ಉಪ್ಪಿನ ಲೆಕ್ಕವನ್ನು ಮರೆಯುವಂತಿಲ್ಲ. ಸಾಮಾನ್ಯ ಸ್ಪ್ಯಾಮಿನ 340 ಗ್ರಾಂ ಡಬ್ಬಿಯ ಆರನೆಯ ಒಂದು ಭಾಗದಲ್ಲಿಯೇ ಉಪ್ಪಿನ ಅಂಶವಾದ ಸೋಡಿಯಂ ಸುಮಾರು 800 ಮಿಲಿಗ್ರಾಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ದಿನದ ಮಿತಿ 2000 ಮಿಲಿಗ್ರಾಂಗಿಂತ ಕಡಿಮೆ. ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಹೀಗಾಗಿ ಇದು ಅಪರೂಪಕ್ಕೆ ಮಾಡುವ ಅಡುಗೆಯಾಗಿರಲಿ, ಉಪ್ಪು ಕಡಿಮೆ ಇರುವ ಬಗೆ ಸಿಕ್ಕರೆ ಅದನ್ನೇ ಕೊಳ್ಳಿ.

ಉಬ್ಬಿದ, ಸೋರುವ, ಆಳವಾಗಿ ತುಕ್ಕು ಹಿಡಿದ ಅಥವಾ ಅಂಚಿನ ಹೊಲಿಗೆಯ ಮೇಲೆಯೇ ನೆಗ್ಗಿದ ಡಬ್ಬಿಯನ್ನು ರುಚಿ ನೋಡಲೂ ತೆರೆಯದೆ ಎಸೆಯಿರಿ. ಗಾಳಿಯಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಉಂಟುಮಾಡುವ ಬಾಟುಲಿಸಂ ವಿಷಕ್ಕೆ ವಾಸನೆಯೂ ಇರದಿರಬಹುದು. ತೆರೆದ ಮೇಲೆ ಮಿಕ್ಕದ್ದನ್ನು ಡಬ್ಬಿಯಲ್ಲಿಯೇ ಬಿಡದೆ ಮುಚ್ಚಳವಿರುವ ಗಾಜಿನ ಪಾತ್ರೆಗೆ ಹಾಕಿ ಫ್ರಿಜ್ಜಿನಲ್ಲಿಟ್ಟು, ಮೂರು ನಾಲ್ಕು ದಿನಗಳೊಳಗೆ ಮುಗಿಸಿ.