ಔಷಧದ ಸುಳ್ಳು ಪ್ರಚಾರದ ಮೇಲೆ ದೂರು: ಮೊದಲು ಡಬ್ಬಿ ಓದಿ

‘ಸಕ್ಕರೆ ಕಾಯಿಲೆ ಬುಡಸಮೇತ ಗುಣ’ ಎಂಬ ಜಾಹೀರಾತು ಕಂಡು ದೂರು ಬರೆಯುವವರಿದ್ದಾರೆ. ಆದರೆ ಎಷ್ಟೋ ದೂರುಗಳು ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಹೊತ್ತು ವಾಪಸಾಗುತ್ತವೆ. ನಿಯಮ ಇಲ್ಲದ್ದರಿಂದ ಅಲ್ಲ, ದೂರು ತಪ್ಪು ಕಚೇರಿಗೆ ಹೋದದ್ದರಿಂದ. ಯಾವ ಕಚೇರಿ ಎಂಬುದನ್ನು ಡಬ್ಬಿಯೇ ಹೇಳುತ್ತದೆ.

ಡಬ್ಬಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇದ್ದರೆ, ಅದು ಮಾತ್ರೆಯ ರೂಪದಲ್ಲಿದ್ದರೂ ಕಾನೂನಿನ ಲೆಕ್ಕಕ್ಕೆ ಆಹಾರ. ಆಗ ದೂರು ಕೊಡಬೇಕಾದದ್ದು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ. ಆಹಾರವೆಂದು ಪರವಾನಗಿ ಪಡೆದು ರೋಗ ಗುಣಪಡಿಸುತ್ತದೆ ಎಂದು ಸಾರುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಕಲಮಿನಡಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಔಷಧ ತಯಾರಿಕೆಯ ಲೈಸೆನ್ಸ್ ಸಂಖ್ಯೆ ಇದ್ದರೆ ದೂರು ಡ್ರಗ್ಸ್ ಇನ್‌ಸ್ಪೆಕ್ಟರ್ ಕಚೇರಿಗೆ, ಆಯುರ್ವೇದ ಔಷಧವಾದರೆ ಆಯುಷ್ ಇಲಾಖೆಗೆ. ‘ಆರ್‌ಎಕ್ಸ್’ ಗುರುತು ಮತ್ತು ಶೆಡ್ಯೂಲ್ ಎಚ್, ಎಚ್1 ಅಥವಾ ಎಕ್ಸ್ ಎಂಬ ಎಚ್ಚರಿಕೆ ಕಂಡರೆ, ಅಂದರೆ ವೈದ್ಯರ ಚೀಟಿ ಇದ್ದರಷ್ಟೇ ಮಾರಬೇಕಾದ ಔಷಧವಾದರೆ, ದೂರು ಇನ್ನೂ ಸುಲಭ. ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಂಥ ಔಷಧವನ್ನು ಜಾಹೀರಾತು ಮಾಡುವಂತೆಯೇ ಇಲ್ಲ.

ದೂರಿಗೆ ಬಲ ಕೊಡುವುದು ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ, 1954. ಇದರ ಅನುಸೂಚಿಯಲ್ಲಿ 54 ಕಾಯಿಲೆ, ಸ್ಥಿತಿಗಳ ಪಟ್ಟಿ ಇದೆ: ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ, ಬೊಜ್ಜು, ಮೂರ್ಛೆ, ಪಾರ್ಶ್ವವಾಯು, ಕಣ್ಣಿನ ಪೊರೆ, ಎತ್ತರ ಹೆಚ್ಚಿಸುವುದು ಕೂಡ. ಇವುಗಳಿಗೆ ಮದ್ದು ಎಂದು ಜನರ ಮುಂದೆ ಜಾಹೀರಾತು ಮಾಡುವುದೇ 3ನೇ ಕಲಮಿನ ಅಪರಾಧ. ಔಷಧ ಕೆಲಸ ಮಾಡುವುದಿಲ್ಲ ಎಂದು ನೀವು ಸಾಬೀತು ಮಾಡಬೇಕಾಗಿಲ್ಲ. ಇದು ತಿಳಿಯದೆ ಎಷ್ಟೋ ಮಂದಿ ವೈದ್ಯಕೀಯ ವಾದದಲ್ಲೇ ನಾಲ್ಕು ಪುಟ ತುಂಬಿಸುತ್ತಾರೆ, ಜಾಹೀರಾತಿನ ದಿನಾಂಕ ಬರೆಯುವುದನ್ನು ಮರೆಯುತ್ತಾರೆ. 9ಎ ಕಲಮಿನ ಪ್ರಕಾರ ಈ ಅಪರಾಧಕ್ಕೆ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಅರ್ಜಿಯಲ್ಲಿ ಕಲಮಿನ ಸಂಖ್ಯೆ ಕಾಣಿಸಿ.

ಸಾಕ್ಷ್ಯವನ್ನು ಜಾಹೀರಾತು ಕಂಡ ದಿನವೇ ಹಿಡಿದಿಡಿ, ನಾಳೆ ಅದು ಅಳಿಸಿಹೋಗಿರಬಹುದು. ಪತ್ರಿಕೆಯಾದರೆ ಜಾಹೀರಾತನ್ನಷ್ಟೇ ಕತ್ತರಿಸಬೇಡಿ. ಪತ್ರಿಕೆಯ ಹೆಸರು, ದಿನಾಂಕ, ಆವೃತ್ತಿ ಕಾಣುವಂತೆ ಇಡೀ ಪುಟ ಎತ್ತಿಡಿ. ಮೊಬೈಲಿನಲ್ಲಿ ಕಂಡದ್ದಾದರೆ ಖಾತೆಯ ಹೆಸರು, ಲಿಂಕ್, ದಿನಾಂಕ ಬರುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ವಿಡಿಯೊ ಆಗಿದ್ದರೆ ಮೊದಲಿಂದ ಕೊನೆಯವರೆಗೆ ಸ್ಕ್ರೀನ್ ರೆಕಾರ್ಡ್ ಮಾಡಿ. ಔಷಧ ಕೊಂಡಿದ್ದರೆ ಬಿಲ್ ಬೇಕೇ ಬೇಕು. ಡಬ್ಬಿಯ ಎಲ್ಲ ಬದಿಗಳ ಫೋಟೊ ತೆಗೆದು, ಬ್ಯಾಚ್ ನಂಬರ್, ತಯಾರಕರ ವಿಳಾಸ ಬರೆದುಕೊಳ್ಳಿ.

ಇದೇ ಸಾಕ್ಷ್ಯದ ಪ್ರತಿಯನ್ನು 1915 ಗ್ರಾಹಕ ಸಹಾಯವಾಣಿಗೂ ಕೊಡಬಹುದು. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಲ್ಲದು. ನಿಮ್ಮ ಹಣ ವಾಪಸ್ ಬೇಕಿದ್ದರೆ ಮಾತ್ರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಗಡುವು ಎರಡು ವರ್ಷ, ಪಾವತಿಸಿದ ಮೊತ್ತ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ.

ವೈದ್ಯರ ಕಡೆಗೆ ನಡೆಯುವ ಪ್ರಚಾರ ರೋಗಿಯ ಕಣ್ಣಿಗೆ ಬೀಳುವುದು ಕಡಿಮೆ, ಅದರ ಖರ್ಚು ಮಾತ್ರ ರೋಗಿಯ ಮೇಲೇ ಬೀಳುತ್ತದೆ. ಕೇಂದ್ರದ ಔಷಧ ಇಲಾಖೆ 2024ರ ಮಾರ್ಚ್ 12ರಂದು ಹೊರಡಿಸಿದ, ಔಷಧ ಕಂಪನಿಗಳ ಪ್ರಚಾರಕ್ಕೆ ಸಂಬಂಧಿಸಿದ ಏಕರೂಪ ಸಂಹಿತೆಯ ಪ್ರಕಾರ ವೈದ್ಯರಿಗಾಗಲಿ ಅವರ ಮನೆಯವರಿಗಾಗಲಿ ಉಡುಗೊರೆ ಕೊಡುವಂತಿಲ್ಲ. ಡೈರಿ, ಕ್ಯಾಲೆಂಡರಿನಂಥ ಬ್ರಾಂಡ್ ನೆನಪಿಸುವ ವಸ್ತು ಕೊಡಬಹುದಾದರೂ ಅದರ ಬೆಲೆ ಒಂದಕ್ಕೆ 1,000 ರೂಪಾಯಿ ಮೀರುವಂತಿಲ್ಲ. ವರ್ಷಕ್ಕಿಂತ ಹೆಚ್ಚು ಕಾಲದಿಂದ ಮಾರುಕಟ್ಟೆಯಲ್ಲಿರುವ ಔಷಧವನ್ನು ‘ಹೊಸದು’ ಎನ್ನುವಂತಿಲ್ಲ. ಉಲ್ಲಂಘನೆ ಕಂಡರೆ ಕಂಪನಿ ಸದಸ್ಯನಾಗಿರುವ ಔಷಧ ಉದ್ಯಮ ಸಂಘದ ನೈತಿಕ ಸಮಿತಿಗೆ ಬರೆಯಬೇಕು. ಹೆಸರು, ವಿಳಾಸ ಕಡ್ಡಾಯ. ಶುಲ್ಕ 1,000 ರೂಪಾಯಿ, ಅದು ಮರಳಿ ಬಾರದು. ಘಟನೆ ನಡೆದ ಆರು ತಿಂಗಳೊಳಗೆ ದೂರು ತಲುಪಬೇಕು, ಸಮಿತಿ 90 ದಿನಗಳಲ್ಲಿ ತೀರ್ಮಾನಿಸಬೇಕು. ಸಂಹಿತೆಗೆ ಕಾಯ್ದೆಯ ಬಲವಿಲ್ಲ, ಸಂಘದಿಂದ ಹೊರಹಾಕುವುದೇ ಅದರ ದೊಡ್ಡ ಶಿಕ್ಷೆಗಳಲ್ಲೊಂದು. ಗ್ರಾಹಕರಿಗೆ ಇದು ಸಾಲದು ಎಂಬುದೇ ನಮ್ಮ ಅಭಿಪ್ರಾಯ. ಉಡುಗೊರೆ ಪಡೆದ ವೈದ್ಯರ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರಬಹುದು, ಆದರೆ ಆ ಸಿಟ್ಟಿನಲ್ಲಿ ನುಂಗುತ್ತಿರುವ ಮಾತ್ರೆ ನಿಲ್ಲಿಸಬೇಡಿ; ಬೇರೆ ವೈದ್ಯರನ್ನು ಕೇಳಿ. ‘ನಾಟ್ ಫಾರ್ ಸೇಲ್’ ಎಂದಿರುವ ಸ್ಯಾಂಪಲ್ಲನ್ನು ಮೆಡಿಕಲ್ ಶಾಪಿನಲ್ಲಿ ದುಡ್ಡಿಗೆ ಕೊಟ್ಟರೆ ಮಾತ್ರ ನೇರ ಡ್ರಗ್ಸ್ ಇನ್‌ಸ್ಪೆಕ್ಟರ್‌ಗೆ ತಿಳಿಸಿ.

ದೂರು ಕೊಟ್ಟಾಗ ಸ್ವೀಕೃತಿ ಪಡೆಯಿರಿ. ತಿಂಗಳು ಕಳೆದರೂ ಸುದ್ದಿಯಿಲ್ಲದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳಿಗೆ ಸೀಮಿತ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಿದರೆ ಉತ್ತರ ಸಿಗದೇ ಹೋಗಬಹುದು. ‘ಇಂಥ ದಿನಾಂಕದ ನನ್ನ ದೂರಿನ ಕಡತದ ಟಿಪ್ಪಣಿ ಹಾಳೆ ಮತ್ತು ಕಂಪನಿಗೆ ಕಳಿಸಿದ ನೋಟಿಸಿನ ಪ್ರತಿ ಕೊಡಿ’ ಎಂದು ಬರೆಯಿರಿ.